ಜನರಿಲ್ಲದ ಬಯಲು

ಸೀಮೆಎಣ್ಣೆಯಂಥ ಘಾಟು, ಅದರೊಳಗೆ ಹುರಿದ ಕಡಲೆಕಾಯಿಯ ಘಮ. ಎಳವೆಯಲ್ಲಿ ಆ ಎರಡನ್ನೂ ಒಟ್ಟಿಗೆ ಉಸಿರಾಡಿದ ಮೇಲೆ ಅಶ್ವತ್ಥಮ್ಮ ಕಡಲೆಕಾಯಿ ಹುರಿಯುವ ಮನೆಯ ಬಾಗಿಲಲ್ಲೂ ನಿಂತವಳಲ್ಲ. ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ ತಾವರೆಕೆರೆಯ ಅವರ ಹೊಲದಲ್ಲಿ, ಕಿತ್ತು ಒಟ್ಟಿದ್ದ ಕಡಲೆಕಾಯಿ ಬಣವೆಯ ಮೇಲೆ ಮಿಲಿಟರಿ ವಿಮಾನ ಬಿದ್ದಿತ್ತು. ಬಣವೆಯ ನೆರಳಲ್ಲಿ ಅಕ್ಕ ಮಲಗಿದ್ದಳು. ಪೊಲೀಸರು ಬಂದರೆ ಹೆಣ ಕೊಯ್ಯುತ್ತಾರೆಂದು ಹೆದರಿದ ಅಪ್ಪ, ಜೀಪುಗಳು ಬರುವ ಮೊದಲೇ ಅವಳನ್ನು ಬದುವಿನ ಪಕ್ಕ ಮಣ್ಣು ಮಾಡಿದ್ದ. ವಿಮಾನದವರು ಚೂರುಚೂರನ್ನೂ ಆಯ್ದು ಒಯ್ದರು. ದೂರ ಸಿಡಿದು ಬೇಲಿಯಲ್ಲಿ ಸಿಕ್ಕಿಕೊಂಡಿದ್ದ, ವಿಮಾನದ ಚಕ್ರ ಕೂರುವ ಉಕ್ಕಿನ ಕಾಲೊಂದು ಮಾತ್ರ ಆಮೇಲೆ ಕಣ್ಣಿಗೆ ಬಿತ್ತು. ಕಲ್ಲಿನ ಬದಲು ಅದನ್ನೇ ಅಪ್ಪ ಸಮಾಧಿಯ ಮೇಲೆ ನೆಟ್ಟ.

ಇವತ್ತು ಆ ಉಕ್ಕಿನ ಕಾಲನ್ನು ನಿವೃತ್ತ ವಾಯುಪಡೆ ಅಧಿಕಾರಿ ರೇಣುಕಪ್ರಸಾದ್ ಕರವಸ್ತ್ರದಿಂದ ಒರೆಸುತ್ತಿದ್ದರು. ಯುದ್ಧ ಕಂಡ ಅಂಥದ್ದೇ ಇನ್ನೊಂದು ವಿಮಾನವನ್ನು ಅವರ ತಂಡ ಬೆಂಗಳೂರಿನಲ್ಲಿ ರಿಪೇರಿ ಮಾಡಿ ಮತ್ತೆ ಹಾರಿಸಲಿತ್ತು. ಅದಕ್ಕೆ ಬೇಕಾದ ಇಂಥ ಕಾಲೊಂದು ಮಾತ್ರ ಬೇರೆಲ್ಲೂ ಸಿಕ್ಕಿರಲಿಲ್ಲ.

“ಐವತ್ತು ವರ್ಷ ಬಿಸಿಲು ಮಳೇಲಿದ್ರೂ ತುಕ್ಕು ಹಿಡಿದಿಲ್ವಲ್ಲಮ್ಮ! ಏನು ಮಾಡಿದ್ರಿ?”

“ಮಾಲಯ ಅಮಾಸೆಗೆ ಎಡೆ ಇಡಕ್ಮುಂಚೆ ಹರಳೆಣ್ಣೆ ಹಚ್ತೀನಿ ಸ್ವಾಮಿ. ಅಕ್ಕನ ತಲೆಗೆ ಹಚ್ದಂಗೆ.”

“ಉಳಿಸಿಕೊಟ್ಟವರು ನೀವು. ವಿಮಾನದ ಪಕ್ಕ ಫಲಕ ನಿಲ್ಲಿಸ್ತೀವಿ, ಅದರಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ.”

“ನಂದ್ಯಾಕೆ? ಅಕ್ಕಂದು ಹಾಕ್ಸಿ. ಅಷ್ಟು ಮಾಡ್ಬುಟ್ರೆ ಸಾಕು, ಕಿತ್ಕಂಡೋಗಿ.”

ರೇಣುಕಪ್ರಸಾದ್ ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ; ಹೇಳುವುದನ್ನು ಮೆಲ್ಲಗೇ ಹೇಳಿದರು. “ಆ ಪೈಲಟ್‌ಗೆ ಪದಕ ಬಂದಿದ್ದೇ, ಊರು ತಪ್ಪಿಸಿ ಜನರಿಲ್ಲದ ಬಯಲಿಗೆ ವಿಮಾನ ತಿರುಗಿಸಿ, ಕೊನೇಲಿ ಪ್ಯಾರಾಚೂಟಲ್ಲಿ ಹಾರಿದ್ರು ಅಂತ. ಅವರಿಗೀಗ ಎಂಬತ್ತು ದಾಟಿದೆ. ಹಾರಿಸೋ ದಿನ ಅವರೇ ಬರ್ತಾರೆ. ಇಲ್ಲೊಂದು ಹುಡುಗಿ ಇತ್ತು ಅಂತ ಅವರೆದುರಿಗೆ ಹೇಗಮ್ಮ ಬರೆಸಲಿ? ಎದೆ ಒಡ್ಕೋತಾರೆ.”

“ನಮ್ಮವ್ವಂಗೂ ಒಡ್ದಿತ್ತು.”

“ಅದೂ ಅಲ್ದೆ ಅಮ್ಮ, ಇದು ಸರ್ಕಾರದ ಆಸ್ತಿ…”

“ಅಂಗಾದ್ರೆ ನನ್ನೇನು ಕೇಳ್ತೀರ? ತಗಂಡೋಗಿ, ಹಾರ್ಸಿ. ಈ ಸಲ ಬೀಳ್ಸೋದಾದ್ರೆ, ಬಣವೆ ನೆಳ್ಳಲ್ಲಿ ಯಾರಾರ ಮಲಗವ್ರಾ ಅಂತ ನೋಡ್ಕಂಡು ಬೀಳ್ಸಕ್ಕೇಳಿ.”

ಶಿರಾದಿಂದ ಕ್ರೇನ್ ತಂದಿದ್ದ ಮತೀನ್ ಬದುವಿನ ಆಚೆಯೇ ಚಪ್ಪಲಿ ಬಿಟ್ಟು ಬಂದು ಉಕ್ಕಿನ ಕಾಲಿಗೆ ಕ್ರೇನಿನ ಬೆಲ್ಟು ಬಿಗಿದ. ಕಾಲು ಮಣ್ಣಿನಿಂದ ಎದ್ದಿತು. ರೇಣುಕಪ್ರಸಾದ್ ವ್ಯಾನಿನಲ್ಲಿ ಹೊಸ ಕಂಬಳಿ ಹಾಸಿ ಕಾದು ನಿಂತರು.

“ನಿಧಾನ… ಮಗು ಮಲಗಿಸ್ದಂಗೆ ಮಲಗಿಸಪ್ಪ. ಒಂದು ಗೀರೂ ಬೀಳ್ಬಾರ್ದು.”

ಕಂಬಳಿಯ ನಾಲ್ಕೂ ಅಂಚು ಮಡಚಿ ಅವರೇ ಹೊದಿಸಿದರು. ಅಶ್ವತ್ಥಮ್ಮ ನೋಡುತ್ತ ನಿಂತಳು. ಅಕ್ಕ ಹೋದದ್ದು ಗೋಣಿಚೀಲದಲ್ಲಿ.

ವ್ಯಾನೂ ಅದರ ಹಿಂದೆ ಅವರ ಕಾರೂ ಹೆದ್ದಾರಿಯ ಕಡೆ ಹೋದವು. ಮತೀನ್ ಹೋಗಲಿಲ್ಲ. ಬಾಯ್ತೆರೆದ ಕುಳಿಗೆ ಕೈಯಿಂದಲೇ ಮಣ್ಣೆಳೆದ. ಬದುವಿನಿಂದ ಉದ್ದನೆಯ ಕಲ್ಲೊಂದನ್ನು ತಬ್ಬಿ ತಂದು ನಿಲ್ಲಿಸಿದ. ಸುತ್ತಲ ಮಣ್ಣನ್ನು ಕಾಲಿನಿಂದ ತುಳಿಯದೆ ಅಂಗೈಯಿಂದ ಗುದ್ದಿ ಗಟ್ಟಿ ಮಾಡಿದ.

“ಅಕ್ಕನ ಹೆಸರೇನಮ್ಮಾ?”

ಬೆಳಗಿನಿಂದ ಯಾರೂ ಅದನ್ನು ಕೇಳಿರಲಿಲ್ಲ.

“ಚಿಕ್ಕಹನುಮಕ್ಕ ಕಣಪ್ಪ.”

ಅಶ್ವತ್ಥಮ್ಮ ಹೊಲದಂಚಿನ ಮನೆಗೆ ಹೋದಳು. ಬೆಂಗಳೂರಿನವರಿಗೆಂದು ಮಾಡಿಟ್ಟಿದ್ದ ಮುದ್ದೆಯನ್ನು ತಟ್ಟೆಗಿಟ್ಟು, ಅವರೆಕಾಳಿನ ಸಾರು ಬಿಟ್ಟು ತಂದಳು. ಮಣ್ಣಾದ ಅವನ ಕೈಗೆ ಚೊಂಬಿನಿಂದ ನೀರು ಹುಯ್ದು, ತಟ್ಟೆ ನೀಡಿದಳು.