ಫ್ರೀಜರಿನ ಹಾಲು

ಆ ಸಂಶೋಧನಾಲಯದಲ್ಲಿ ಬಾಣಂತಿಗೊಂದು ಕೋಣೆ ಇರಲಿಲ್ಲ. ಸಹಾಯಕಿ ಶಾಂಭವಿ ಶೌಚಾಲಯದಲ್ಲಿ ನಿಂತೇ ಹಾಲು ಹಿಂಡಿ, ಬಾಟಲಿಗೆ ಮಗಳ ಹೆಸರು ಅಂಟಿಸಿ, ಪ್ರಯೋಗಾಲಯದ ಫ್ರೀಜರಿನಲ್ಲಿ ಕೂಡಿಡುತ್ತಿದ್ದಳು. ನಾಳೆಯಿಂದ ನಾಲ್ಕು ದಿನ ಅವಳಿಗೆ ಪರವೂರಿನಲ್ಲಿ ಪರೀಕ್ಷೆ. ಅಷ್ಟು ದಿನವೂ ಮೂರು ತಿಂಗಳ ಕೂಸಿಗೆ ಆ ಹಾಲೇ ಆಹಾರ.

ಅಂದು ಪ್ರೊಫೆಸರ್ ಅತಿಥಿಗಳ ಮುಂದೆ ಗದ್ಗದಿತರಾದರು. “ತಾಯಿಹಾಲಿನಲ್ಲಿ ಮಗುವಿಗೇ ಅರಗದ ಸಕ್ಕರೆ ಇದೆ. ಅದು ಮಗುವಿನ ಕರುಳಲ್ಲಿರೋ ಬ್ಯಾಕ್ಟೀರಿಯಾಗಳ ಊಟ. ಅವಕ್ಕೂ ಉಣಿಸ್ತಾಳಲ್ಲ, ಎಂಥಾ ತಾಯಿ!”

ಹೆರಿಗೆ ರಜೆ ಕೇಳಿದಾಗ ‘ಎಮ್ಮೆ ಈದ ಮರುದಿನವೇ ಮೇಯೋಕೆ ಹೋಗಲ್ವಾ’ ಎಂದಿದ್ದ ಬಾಯಿ ಅದೇ. ಶಾಂಭವಿಗೆ ಕ್ಯಾಕರಿಸಿ ಉಗಿಯಬೇಕೆನಿಸಿತು.

ಸಂಜೆ ಫ್ರೀಜರ್ ತೆರೆದರೆ ಅವಳ ಬಾಟಲಿಗಳಿದ್ದ ಖಾನೆ ಖಾಲಿ.

“ಸಾರ್, ನನ್ ಬಾಟ್ಲಿಗಳು?”

“ಪ್ರಯೋಗಕ್ಕೆ ಹಾಕ್ದೆ ಕಣಮ್ಮ. ದಾನಿಗಳು ಯಾರೂ ಸಿಗಲಿಲ್ಲ.”

“ಅದು ನನ್ ಮಗಳ ಊಟ ಸಾರ್! ಹೆಸರು ಬರ್ದಿದ್ನಲ್ಲ!”

“ನೋಡಿದೆ, ಅದಕ್ಕೇ ಹಾಕಿದ್ದು. ಹೋದ ವಾರ ಅವಳ ಕಕ್ಕಸಿನ ಸ್ಯಾಂಪಲ್ ಕೊಟ್ಟಿದ್ದು ನೀನೇ ತಾನೆ? ಅದರಲ್ಲಿದ್ದ ಬ್ಯಾಕ್ಟೀರಿಯಾಗಳೇ ಕುಡಿದಿರೋದು, ಹೊರಗಿನವರಲ್ಲ.”

ಹೋದದ್ದು ಇಪ್ಪತ್ತೆರಡು ಬಾಟಲಿ.