ಮಾತಾಡದ ವಸುಧಾ

ಹೆಣ್ಣಿನ ಗುರುತು, ಹೆಣ್ಣಿನ ಸಂಬಂಧಗಳು ಎಂದು ಇಪ್ಪತ್ತು ವರ್ಷ ಅಧ್ಯಯನ ಮಾಡಿ ಎರಡು ಪುಸ್ತಕ ಬರೆದ ಮನಃಶಾಸ್ತ್ರಜ್ಞೆ ಡಾ. ಇಂದುಮತಿಗೆ ಈ ಒಬ್ಬ ಹೆಂಗಸು ತಲೆಚಿಟ್ಟು ಹಿಡಿಸಿದ್ದಳು. ಮೊದಲ ವಾರ ಕರೆತಂದಾಗಲೇ ಗಂಡ ಹೇಳಿದ್ದ, "ಮದುವ್ಯಾಗಿ ಆರು ತಿಂಗಳಾತ್ರಿ. ಎಷ್ಟು ಕರದ್ರೂ ಓ ಅನ್ನೂದಿಲ್ಲ."

ಕಿವಿಯ ಪರೀಕ್ಷೆಯಾಯಿತು, ದೋಷವಿರಲಿಲ್ಲ. ಇಂದುಮತಿ ನಯವಾಗಿ ಕೇಳಿದಳು, ಚಿತ್ರ ತೋರಿಸಿದಳು, ಕೊನೆಗೆ ಗದರಿದ್ದೂ ಆಯಿತು. ಆ ಹೆಂಗಸು ಕಿಟಕಿಯನ್ನೇ ನೋಡುತ್ತಿದ್ದಳು.

ಇದು ನಾಲ್ಕನೆಯ ವಾರ. ಗಂಡನಿಗೆ ರಜೆ ಸಿಗದೆ ಆಕೆಯ ತಮ್ಮ ಕರೆತಂದು ಹೊರಗೆ ಕೂತಿದ್ದ.

"ವಸುಧಾ, ನಾ ನಿಮ್ಮ ಕಡೆಯಾಕಿ. ನೀವ ಬಾಯಿ ಬಿಡದಿದ್ರ ನಾ ಏನ ಮಾಡ್ಲಿ?"

ಇಂದುಮತಿ ಫೈಲಿನಲ್ಲಿ 'ಸಹಕರಿಸುತ್ತಿಲ್ಲ' ಎಂದು ಗೀಚಿ ಪೆನ್ನನ್ನು ಮೇಜಿನ ಮೇಲೆ ಎಸೆದಳು.

ಅಷ್ಟರಲ್ಲಿ ತಮ್ಮ ಬಾಗಿಲಿನಿಂದ ತಲೆ ಹಾಕಿದ. "ತುಂಗಕ್ಕಾ, ಚಹಾ ತರ್ಲೇನು?"

"ತಾರೋ. ಸಕ್ಕರಿ ಕಡಿಮಿ ಹಾಕಸು," ಎಂದಳು ಆ ಹೆಂಗಸು, ಕಿಟಕಿಯಿಂದ ಮುಖ ತಿರುಗಿಸದೆಯೇ.

ಇಂದುಮತಿ ಕುರ್ಚಿಯಿಂದ ಅರ್ಧ ಎದ್ದಳು. "ತುಂಗಾ ಅಂದ್ರ ಯಾರು?"

"ಇಕೀನರೀ," ಎಂದ ತಮ್ಮ. "ಮದುವ್ಯಾಗ ನಮ್ಮ ಭಾವ ತಾಟಿನ ಅಕ್ಕಿ ಮ್ಯಾಲ ಉಂಗುರದಿಂದ ವಸುಧಾ ಅಂತ ಬರದು ಹೆಸರು ಬದಲಿ ಮಾಡಿದ್ರು. ನಮ್ಮ ಮಂದ್ಯಾಗ ಹಂಗ ಪದ್ಧತಿ."

ಆ ಹೆಂಗಸು ಮೊದಲ ಸಲ ಕಿಟಕಿಯಿಂದ ಮುಖ ತಿರುಗಿಸಿ ಇಂದುಮತಿಯನ್ನು ನೋಡಿದಳು.

"ನಾಕು ವಾರದಿಂದ ನೀವು ಅವರ ಹೆಂಡತಿ ಜೋಡಿ ಮಾತಾಡ್ಲಿಕತ್ತೀರಿ. ನನ್ನ ಜೋಡಿ ಯಾವಾಗ ಮಾತಾಡ್ತೀರಿ?"