ಗುಂಡಗುರ್ತಿಯ ಮಣ್ಣು

ಮಾಳಿಗೆ ನೋಡಲು ನಿಚ್ಚಣಿಕೆ ಏರಿದ ಕಲ್ಯಾಣಪ್ಪ ಎಷ್ಟು ಹೊತ್ತಾದರೂ ಕೆಳಗಿಳಿಯಲಿಲ್ಲ. ಅಳಿಯ ಸಾಯಬಣ್ಣ ನಿಚ್ಚಣಿಕೆ ಹಿಡಿದು ಕೆಳಗೆ ನಿಂತಿದ್ದ. ಒಳಗೆ ಮಗಳು ಗುರುದೇವಿ ಕೂಸನ್ನು ಮಡಿಲಲ್ಲಿಟ್ಟುಕೊಂಡು, ತಂದ ಗಂಟನ್ನು ಬಿಚ್ಚದೆ ಕೂತಿದ್ದಳು. ಬಾಣಂತನ ಮುಗಿಸಿ ತವರಿನಿಂದ ಆಗಷ್ಟೇ ಅಪ್ಪನ ಬಂಡಿಯಲ್ಲಿ ಬಂದಿಳಿದಿದ್ದಳು. "ಮಾಳಿಗಿ ಸೋರಿದ್ರ ಮಗಳು ಮೊಮ್ಮಗನ್ನ ಹಂಗೇ ವಾಪಸ್ ಕರ್ಕೊಂಡು ಹೋಗ್ತೀನಿ" ಎಂದು ಕಲ್ಯಾಣಪ್ಪ ಮೊದಲೇ ಹೇಳಿ ಕಳಿಸಿದ್ದ. ಮಳೆ ನಿಂತು ತಾಸಾಗಿತ್ತು. ಒಳಗಿನ ಪಾತ್ರೆಗಳಲ್ಲಿ ಮಾತ್ರ ಇನ್ನೂ ತಟಕ್ ತಟಕ್ ನಡೆದೇ ಇತ್ತು.

ಸಾಯಬಣ್ಣ ವಾಡಿ ಜಂಕ್ಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸಿ ಕೊಡುವ ಪಾಯಿಂಟ್ಸ್‌ಮನ್. ಹುಟ್ಟಿದ್ದು, ಬೆಳೆದದ್ದು, ಲಗ್ನವಾದದ್ದು ಎಲ್ಲ ರೈಲ್ವೆ ಕ್ವಾರ್ಟರ್ಸಿನಲ್ಲೇ. ಅಲ್ಲಿ ಬಾಗಿಲು ಸಡಿಲಾದರೆ ಆಫೀಸಿಗೆ ಒಂದು ಮಾತು ಹೇಳಿದರಾಯಿತು, ಯಾರೋ ಬಂದು ಬಡಿದು ಹೋಗುತ್ತಿದ್ದರು. ನಿಜಾಮರ ರೈಲು ದಿಲ್ಲಿ ಸರ್ಕಾರದ್ದಾದ ವರ್ಷ ಅವನಿಗೂ ಒಂದು ಸ್ವಂತ ಮನೆಯಾಯಿತು, ಮಣ್ಣಿನ ಮಾಳಿಗೆಯ ಹಳೇ ಮನೆ. ಇನ್ನು ರಿಪೇರಿಯೂ ನನ್ನ ಕೈಯಿಂದಲೇ ಎಂದು ಹಟ ಹಿಡಿದ. ಮೊದಲು ಗೋಡೆ, ಆಮೇಲೆ ಬಾಗಿಲು, ಮಳೆಗಾಲದೊಳಗೆ ಮಾಳಿಗೆ ಎಂದು ಗಾಡಿಗೆ ಲೈನು ಕೊಟ್ಟ ಹಾಗೆ ಎಲ್ಲ ಗೊತ್ತುಮಾಡಿಕೊಂಡ. ಮಾಳಿಗೆಯ ಮೇಲಿನ ಹಳೇ ಮಣ್ಣು ಕೆರೆದು ನೋಡಿದರೆ ಬೂದಿಯ ಹಾಗೆ ಬಿಳಿಚಿಕೊಂಡ ಸವಳು. ಛೀ, ಇಂಥ ಸತ್ತ ಮಣ್ಣು ಹಾಕಿದರೆ ಸೋರದೆ ಇನ್ನೇನಾದೀತು ಎಂದುಕೊಂಡು ಹಿತ್ತಲಿಗೆ ಸುರಿದ. ಒಂದು ಬಂಡಿ ಛಲೋ ಮಣ್ಣು ಕಳಿಸಿರೆಂದು ಗುಂಡಗುರ್ತಿಯ ಮಾವನಿಗೆ ಹೇಳಿ ಕಳಿಸಿದ. ಯಾತಕ್ಕೆಂದು ಹೇಳಲಿಲ್ಲ.

ಕಲ್ಯಾಣಪ್ಪನ ಹಿಗ್ಗು ಅಷ್ಟಿಷ್ಟಲ್ಲ. ಒಕ್ಕಲುತನದ ಗಂಧವೇ ಇಲ್ಲದ ಅಳಿಯ ಕಡೆಗೂ ಮಣ್ಣು ಕೇಳಿದನಲ್ಲ! ಹಿತ್ತಲಲ್ಲಿ ಏನೋ ಬೆಳೆಯುತ್ತಾನೆಂದು ತಿಳಿದು, ರಾಶಿ ಮಾಡುವ ಕಣದ ಮಗ್ಗುಲಿನ ಕರಿಮಣ್ಣನ್ನೇ ಅಗೆಸಿ, ತಿಪ್ಪೆಗೊಬ್ಬರವನ್ನೂ ಕಲೆಸಿ ಕಳಿಸಿದ. ಸಾಯಬಣ್ಣ ಅದನ್ನು ಬುಟ್ಟಿ ಬುಟ್ಟಿ ಹೊತ್ತು ಮಾಳಿಗೆಯ ಮೇಲೆ ಹರಡಿ ಬಡಿದ. ಮಳೆ ಶುರುವಾದ ಮೇಲೆ ಮತ್ತೆ ಹತ್ತಿ ನೋಡಲಿಲ್ಲ. ಮುಗಿದ ಕೆಲಸವನ್ನು ತಪಾಸು ಮಾಡುವುದು ರೈಲ್ವೆಯಲ್ಲಿ ಬೇರೆಯವರ ಡ್ಯೂಟಿ.

"ಮಾವಾರ, ಏನಾರ ಕಾಣ್ತದೇನ್ರಿ?"

"ತೊಗರಿ," ಮೇಲಿನಿಂದ ದನಿ ಬಂತು.

"ಏನಂದ್ರಿ?"

"ತೊಗರಿರೀ ಅಳಿಯಂದ್ರ. ಕಣದ ಮಣ್ಣಾಗಿನ ಕಾಳ ಎದ್ದು ಮೊಣಕಾಲಮಟ ಬಂದದ."

ಕಲ್ಯಾಣಪ್ಪ ಇಳಿದು ಬಂದು ಕೈ ಝಾಡಿಸಿಕೊಂಡ. "ಮಾಳಿಗಿಗಿ ಸವಳ ಹಾಕ್ತಾರ್ರಿ. ಅದರಾಗ ಹುಲ್ಲ ಸೈತ ಹುಟ್ಟಂಗಿಲ್ಲ, ನೀರೂ ಇಳಿಯಂಗಿಲ್ಲ. ಕರಿಮಣ್ಣ ಬಿಸಲಿಗಿ ಬಿರಕ ಬಿಡ್ತದ. ಮಾಳಿಗಿಗಂತ ಒಂದ್ ಮಾತ ಹೇಳಬಾರದಾ?"

ಮಗಳು ಮೊಮ್ಮಗನನ್ನು ವಾಪಸ್ ಕರೆದೊಯ್ಯುವ ಮಾತು ಸಾಯಬಣ್ಣನಿಗೆ ನೆನಪಾಯಿತು. ಗುರುದೇವಿ ತವರಿಗೆ ಹೋದಾಗಿನಿಂದ ತಾನೇ ತಟ್ಟಿದ ಸೀದ ರೊಟ್ಟಿ ತಿಂದು ಅವನಿಗೆ ಜೀವ ಸಾಕಾಗಿತ್ತು. ಮಗನ ಮುಖ ನೋಡಿದ್ದೂ ಒಮ್ಮೆ ಮಾತ್ರ. ಸಲಿಕೆಗೆ ಕೈ ಹಾಕಿದ. "ಈಗಿಂದೀಗ ಎಲ್ಲಾ ಕೆರದು ಒಗೀತೀನ್ರಿ. ಸವಳು ಹಿತ್ತಲದಾಗೇ ಬಿದ್ದದ."

ಕಲ್ಯಾಣಪ್ಪ ನಿಚ್ಚಣಿಕೆಗೆ ಅಡ್ಡ ನಿಂತ. "ಏ ಏ! ನಿಂತ ಬೆಳಿ ಕೀಳ್ತೀರೇನ್ರಿ? ತಲಿ ನೆಟ್ಟಗದ ಇಲ್ಲ? ನಮ್ಮ ಹೊಲದಾಗ ಸೈತ ಈ ವರ್ಷ ಇಂಥಾ ತೊಗರಿ ಎದ್ದಿಲ್ಲ. ರಾಶಿ ಆಗೋತನ ಯಾರೂ ಸಲಿಕಿ ತಾಗಸಂಗಿಲ್ಲ."

"ರಾಶಿ ಯಾವಾಗ್ರಿ?"

"ಸಂಕ್ರಾಂತಿಗಿ."

ಗುರುದೇವಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ಗಂಟು ಎತ್ತಿಕೊಂಡು ಹೊರಗೆ ಬಂದಳು. ಗಂಡನ ಮುಖ ನೋಡಲಿಲ್ಲ. "ಹಂಗಾದ್ರ ಬಂಡಿ ಹೂಡು ಯಪ್ಪಾ."

"ಎಲ್ಲಿಗಿ?" ಕಲ್ಯಾಣಪ್ಪನಿಗೆ ಸಿಟ್ಟೇ ಬಂತು. "ಒಕ್ಕಲತನದ ಮನಿ ಮಗಳು ಬೆಳಿ ಬಿಟ್ಟು ಎಲ್ಲಿಗಿ ಹೋಗ್ತಾಳ? ಇವರು ಡೂಟಿಗಿ ಹೋದ್ರ ಕಳೆ ಯಾರ ತಗೀಬೇಕು, ಹಕ್ಕಿ ಯಾರ ಹೊಡೀಬೇಕು? ಗಂಟ ಬಿಚ್ಚು."

ಹೊರಡುವ ಮೊದಲು ಅವನೇ ಎರಡು ಕೋಲು ಕಟ್ಟಿ, ಗೂಟಕ್ಕೆ ನೇತುಹಾಕಿದ್ದ ಸಾಯಬಣ್ಣನ ರೈಲ್ವೆ ಕೋಟು ತೊಡಿಸಿ, ಮಾಳಿಗೆಯ ಮೇಲೊಂದು ಬೆದರುಗೊಂಬೆ ನಿಲ್ಲಿಸಿದ. ಖಾಲಿ ಬಂಡಿ ಹೊಡೆದುಕೊಂಡು ಊರಿಗೆ ಹೋದ.

ಸಂಜೆಗೆ ಮತ್ತೆ ಮಳೆ ಹಿಡಿಯಿತು. ಮೇಲೆ ತೊಗರಿಯ ನಡುವೆ ಕೋಟು ಎರಡೂ ತೋಳು ಚಾಚಿಕೊಂಡು ತೋಯುತ್ತಿತ್ತು. ಕೆಳಗೆ ಸಾಯಬಣ್ಣ ತೊಟ್ಟಿಲಿನ ಮೇಲೆ ಕೊಡೆ ಹಿಡಿದು ಕೂತಿದ್ದ.

"ಕೈ ನೋಯಾಕತ್ತದೇನ್ರಿ?" ಒಲೆಯ ಮುಂದಿನಿಂದ ಗುರುದೇವಿ ಕೇಳಿದಳು.

"ನೋಯ್ಲಿ ಬಿಡು," ಎಂದ ಸಾಯಬಣ್ಣ. "ಬೆಳಿಗಿ ಈ ಮಳಿ ಭಾಳ ಬೇಕಾಗಿತ್ತು."